ತಳ್ಳೋ ಲಾನ್ ಮೂವರ್‌ಗೆ ಮೊದಲು ಮೋಟಾರ್ ಕೂರಿಸಿದವರು ಯಾರು? ತಾತನ ಮಷೀನಿಗೆ ನಾನೂ ಕೂರಿಸಬಹುದಾ?

ಚಾಮುಂಡಿ ತಪ್ಪಲು · ಶನಿವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ಮುಂದೆ ಮೂವತ್ತಕ್ಕೆ ಇಪ್ಪತ್ತು ಅಡಿಯಷ್ಟು ಲಾನ್ ಇದೆ. ಬಹುಪಾಲು ಗರಿಕೆ. ಅದನ್ನು ಕತ್ತರಿಸುವುದು ತಾತ ತಂದಿದ್ದ ತಳ್ಳೋ ಮಷೀನಿನಿಂದ. ಇಂಜಿನ್ ಇಲ್ಲ, ಕರೆಂಟ್ ಬೇಡ. ಎರಡು ಬೀಡು ಕಬ್ಬಿಣದ ಚಕ್ರ, ನಡುವೆ 5 ಬ್ಲೇಡಿನ ಸುರುಳಿ ರೀಲು, 14 ಇಂಚು ಅಗಲ. ಮುಂದೆ ತಳ್ಳಿದರೆ ರೀಲು ತಿರುಗಿ ಹುಲ್ಲು ಕತ್ತರಿಸುತ್ತದೆ.

ಅಪ್ಪನಿಗೆ ಈಗ 71. ಮಂಡಿ ನೋವು. ಆದರೂ ಆ ಮಷೀನನ್ನು ನನ್ನ ಕೈಗೂ ಕೊಡುವುದಿಲ್ಲ. ಹೊಸದು ತರೋಣ ಅಂದರೆ "ಇದಕ್ಕೇನಾಗಿದೆ?" ಅನ್ನುತ್ತಾರೆ. ಹಾಗಾಗಿ ಇದಕ್ಕೇ ಒಂದು ಮೋಟಾರ್ ಕೂರಿಸೋಣ ಅಂತ ಯೋಚನೆ. ಇಂಥ ಮಷೀನಿಗೆ ಮೊದಲು ಮೋಟಾರ್ ಹಾಕಿದವರು ಯಾರು, ಹೇಗೆ ಹಾಕಿದರು ಅಂತ ತಿಳಿದರೆ ನನಗೂ ಒಂದು ದಾರಿ ಸಿಗುತ್ತದೆ.

ಇನ್ನೊಂದು ತಲೆನೋವು. ಹೋದ ವಾರ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಾಕಿ ಜೋಡಿಸಿದೆ. ಈಗ ಮುಂದೆ ತಳ್ಳಿದರೆ ರೀಲು ತಿರುಗುತ್ತಿಲ್ಲ. ಹಿಂದೆ ಎಳೆದರೆ ತಿರುಗುತ್ತಿದೆ! ಅಪ್ಪ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ.

ಗರಿಕೆ · 8:31

ಮೋಟಾರ್ ಯಾಕೆ ಬೇಕು? ಬ್ಲೇಡು ಹರಿತ ಮಾಡಿಸಿ, ಸಾಕು. ಅಷ್ಟು ಜಾಗಕ್ಕೆ ಅರ್ಧ ಗಂಟೆ ಕೆಲಸ.

ಧಾರವಾಡದ ಮಂಜು · 8:47

ಮೊದಲು ಹಾಕಿದ್ದು ಅಮೆರಿಕದವರು ರೀ. 1919ರಲ್ಲಿ ಕರ್ನಲ್ ಎಡ್ವಿನ್ ಜಾರ್ಜ್ ಅನ್ನುವವರು ಪೆಟ್ರೋಲ್ ಇಂಜಿನ್ ಕೂರಿಸಿದರು ಅಂತ ಎಲ್ಲ ಕಡೆ ಬರೆದಿದ್ದಾರೆ.

ಲ್ಯಾಂಕಶೈರ್ ಕನ್ನಡತಿ · 11:20

ಮಂಜು ಅವರೇ, ಆ ಮಾತು ಬಹಳ ಕಡೆ ಓಡಾಡುತ್ತಿದೆ. ಆದರೆ 1919 ಮೊದಲಲ್ಲ. ಅದಕ್ಕಿಂತ 17 ವರ್ಷ ಮುಂಚೆ ಇಲ್ಲಿ ಇಂಗ್ಲೆಂಡಿನಲ್ಲಿ ಪೆಟ್ರೋಲ್ ಮೂವರ್ ಮಾರಾಟಕ್ಕೇ ಬಂದಿತ್ತು. ನಾನು ಪ್ರೆಸ್ಟನ್ ಊರಿನಲ್ಲಿದ್ದೇನೆ. ಹತ್ತಿರದ ಸೌತ್‌ಪೋರ್ಟ್‌ನಲ್ಲಿ ಲಾನ್ ಮೂವರ್‌ಗಳಿಗೇ ಒಂದು ಮ್ಯೂಸಿಯಂ ಇದೆ. ಮಗನನ್ನು ಕರೆದುಕೊಂಡು ಹೋದವಳು ನಾನೇ ಅದರಲ್ಲಿ ಮುಳುಗಿಬಿಟ್ಟೆ. ಆಮೇಲೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಶುರು ಆಗುವುದು ಬಟ್ಟೆ ಮಿಲ್ಲಿನಿಂದ. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಅನ್ನುವ ಊರಿನ ಸುತ್ತ ಉಣ್ಣೆ ಬಟ್ಟೆಯ ಮಿಲ್ಲುಗಳು. ನೇಯ್ದ ಉಣ್ಣೆಯ ಮೇಲೆ ಎದ್ದಿರುವ ನವಿರನ್ನು ಒಂದೇ ಸಮ ಕತ್ತರಿಸಲು ಸುರುಳಿ ಬ್ಲೇಡಿನ ಯಂತ್ರ ಇತ್ತು. ಎಡ್ವಿನ್ ಬಡ್ಡಿಂಗ್ ಅನ್ನುವ ಮೆಕ್ಯಾನಿಕ್ ಅದನ್ನು ನೋಡಿ, ಬಟ್ಟೆಯ ನವಿರು ಕತ್ತರಿಸುವುದು ಹುಲ್ಲನ್ನೂ ಕತ್ತರಿಸಬಹುದಲ್ಲ ಅಂತ ಯೋಚಿಸಿದ. 1830ರ ಆಗಸ್ಟ್ 31ಕ್ಕೆ ಪೇಟೆಂಟ್ ಪಡೆದ. ಫೆರಾಬೀ ಎಂಬ ಪಾಲುದಾರ ತನ್ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿದ. ಅಗಲ 19 ಇಂಚು. ಪೂರ್ತಿ ಕಬ್ಬಿಣ. ಎಷ್ಟು ಭಾರ ಅಂದರೆ ಹಿಂದಿನಿಂದ ಒಬ್ಬ ತಳ್ಳಬೇಕು, ಮುಂದಿನಿಂದ ಇನ್ನೊಬ್ಬ ಎಳೆಯಬೇಕು. ಅದಕ್ಕೇ ಮುಂದೆಯೂ ಒಂದು ಹಿಡಿ ಇತ್ತು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯ ಮೊದಲ ಗಿರಾಕಿಗಳಲ್ಲಿ ಒಂದು.

ಆಮೇಲಿನ ಅರವತ್ತು ಎಪ್ಪತ್ತು ವರ್ಷ ಎಲ್ಲರ ಗುರಿ ಒಂದೇ, ಮನುಷ್ಯನ ಕೈಗೆ ಬಿದ್ದ ಭಾರ ಇಳಿಸುವುದು. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಶಾಂಕ್ಸ್ ಕಂಪನಿ ಚಿಕ್ಕ ಜಾತಿಯ ಕುದುರೆ ಎಳೆಯುವ ದೊಡ್ಡ ಮೂವರ್ ತಂದಿತು. 1859ರಲ್ಲಿ ಲೀಡ್ಸ್‌ನ ಥಾಮಸ್ ಗ್ರೀನ್ ಗೇರಿನ ಬದಲು ಚೈನ್ ಹಾಕಿದ, ಸದ್ದು ಕಡಿಮೆಯಾಯಿತು. 1893ರಲ್ಲಿ ಇಲ್ಲೇ ಪಕ್ಕದ ಲೇಲ್ಯಾಂಡ್ ಊರಿನ ಜೇಮ್ಸ್ ಸಮ್ನರ್ ಉಗಿ ಇಂಜಿನ್ ಮೂವರ್‌ಗೆ ಪೇಟೆಂಟ್ ಪಡೆದ. ಕಡೆಗೆ 1902ರಲ್ಲಿ ಇಪ್ಸ್‌ವಿಚ್‌ನ ರ್‍ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಮೂವರ್ ಮಾರಿತು. 42 ಇಂಚು ಅಗಲ, 6 ಅಶ್ವಶಕ್ತಿಯ ಇಂಜಿನ್. ಬೋರ್ನ್‌ವಿಲ್‌ನ ಕ್ಯಾಡ್‌ಬರಿ ಚಾಕೊಲೇಟ್ ಕಂಪನಿ ತನ್ನ ಆಟದ ಮೈದಾನಕ್ಕೆ ಒಂದನ್ನು ಕೊಂಡಿತು.

ಡಿಪೋ ಮಗ · 11:34

ಒಂದು ನಿಮಿಷ. ಲೇಲ್ಯಾಂಡ್ ಅಂದ್ರಾ? ನಮ್ಮ ಬಸ್ಸಿನ ಲೇಲ್ಯಾಂಡಿಗೂ ಈ ಲೇಲ್ಯಾಂಡಿಗೂ ಸಂಬಂಧ ಇದೆಯಾ? ಬರೀ ಹೆಸರು ಒಂದೇ ಇರಬೇಕು.

ಲ್ಯಾಂಕಶೈರ್ ಕನ್ನಡತಿ · 11:52

ಹೆಸರು ಮಾತ್ರ ಅಲ್ಲ, ನಿಮ್ಮ ಬಸ್ಸಿನ ಬೇರು ಇಲ್ಲೇ ಇದೆ. ಹುಲ್ಲಿನ ಮಷೀನಿಗೆ ಉಗಿ ಇಂಜಿನ್ ಹಾಕಿದ ಅದೇ ಸಮ್ನರ್, ಸ್ಪರಿಯರ್ ಮನೆತನದವರ ಜೊತೆ ಸೇರಿ 1896ರಲ್ಲಿ ಲ್ಯಾಂಕಶೈರ್ ಸ್ಟೀಮ್ ಮೋಟಾರ್ ಕಂಪನಿ ಕಟ್ಟಿದ. ಮೊದಲು ಉಗಿ ವ್ಯಾನು ಮಾಡಿದರು, ಆಮೇಲೆ ಲಾರಿ, ಬಸ್ಸು. 1907ರಲ್ಲಿ ಅದರ ಹೆಸರು ಲೇಲ್ಯಾಂಡ್ ಮೋಟಾರ್ಸ್ ಆಯಿತು. ಮದ್ರಾಸಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್‌ನಲ್ಲಿ ಈ ಕಂಪನಿ ಪಾಲು ತೆಗೆದುಕೊಂಡ ಮೇಲೆ, 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು.

ಡಿಪೋ ಮಗ · 12:05

ನಮ್ಮ ಅಪ್ಪ 31 ವರ್ಷ ಸಾರಿಗೆ ಬಸ್ಸು ಓಡಿಸಿದವರು. ಲೇಲ್ಯಾಂಡ್ ಗಾಡಿ ಅಂದರೆ ಅವರಿಗೆ ಪ್ರಾಣ. ಶಿರಾಡಿ ಘಾಟಿಯಲ್ಲಿ ಕತ್ತಲಲ್ಲಿ ಇಂಜಿನ್ ಸದ್ದು ಕೇಳಿಯೇ ಯಾವ ಡಿಪೋ ಗಾಡಿ ಬರುತ್ತಿದೆ ಅಂತ ಹೇಳುತ್ತಿದ್ದರು. ಅದರ ಬೇರು ಹುಲ್ಲು ಕತ್ತರಿಸುವ ಮಷೀನಿನಲ್ಲಿದೆ ಅಂತ ಈಗಲೇ ಫೋನ್ ಮಾಡಿ ಹೇಳುತ್ತೇನೆ. ಮೇಡಂ, ತುಂಬಾ ಥ್ಯಾಂಕ್ಸ್.

ಧಾರವಾಡದ ಮಂಜು · 12:18

ಸರಿ ರೀ, 1902 ಒಪ್ಪಿದೆ. ಆದರೆ ಆ ರ್‍ಯಾನ್ಸಮ್ ಅಮೆರಿಕದವನೇ ಅಲ್ವಾ? ಓಲ್ಡ್ಸ್‌ಮೊಬೈಲ್ ಕಾರಿನವನು?

ಲ್ಯಾಂಕಶೈರ್ ಕನ್ನಡತಿ · 12:26

ಇಬ್ಬರೂ ಬೇರೆ. ಇಪ್ಸ್‌ವಿಚ್‌ನದು ರ್‍ಯಾನ್ಸಮ್ಸ್, ನೇಗಿಲು ಮಾಡುತ್ತಿದ್ದ ಮನೆತನ. 1832ರಲ್ಲೇ ಬಡ್ಡಿಂಗ್ ಮೂವರ್ ಮಾಡಲು ಪರವಾನಗಿ ಪಡೆದವರು. ಓಲ್ಡ್ಸ್‌ಮೊಬೈಲ್‌ನವನು ರ್‍ಯಾನ್ಸಮ್ ಓಲ್ಡ್ಸ್. ಅವನೂ ಮಿಚಿಗನ್ನಿನ ಲ್ಯಾನ್ಸಿಂಗ್‌ನಲ್ಲಿ ಪವರ್ ಮೂವರ್ ಕಂಪನಿಗೆ ದುಡ್ಡು ಹಾಕಿದ್ದ. ಅದಕ್ಕೇ ಎಲ್ಲರೂ ಎರಡನ್ನೂ ಕಲಸಿಬಿಡುತ್ತಾರೆ.

ಫಿಟ್ಟರ್ ರಾಜಣ್ಣ · 1:40

ಇತಿಹಾಸ ಚೆನ್ನಾಗಿದೆ. ಆದರೆ ಈ ಹುಡುಗ ಹೇಗೆ ಹಾಕಿದರು ಅಂತಲೂ ಕೇಳಿದ್ದಾನೆ. ನಾನು 34 ವರ್ಷ ಫಿಟ್ಟರ್ ಆಗಿದ್ದವನು. ಹೇಳುತ್ತೇನೆ ಕೇಳಪ್ಪಾ.

ತಳ್ಳೋ ಮಷೀನಿನಲ್ಲಿ ನೆಲವೇ ನಿನ್ನ ಇಂಜಿನ್. ಚಕ್ರ ನೆಲದ ಮೇಲೆ ಉರುಳುತ್ತದೆ. ಚಕ್ರದ ಒಳಗೆ ಹಲ್ಲು. ಆ ಹಲ್ಲು ಪಿನಿಯನ್ ಅನ್ನುವ ಚಿಕ್ಕ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ ರೀಲನ್ನು ತಿರುಗಿಸುತ್ತದೆ. ಚಕ್ರ ಒಂದು ಸುತ್ತು ಬಂದರೆ ರೀಲು ಐದಾರು ಸುತ್ತು. ನೀನು ಜೋರಾಗಿ ನಡೆದರೆ ರೀಲೂ ಜೋರು. ನಿಂತರೆ ಅದೂ ನಿಂತಿತು. ರೀಲಿನ ಬ್ಲೇಡು, ಕೆಳಗಿನ ಗಟ್ಟಿ ಬ್ಲೇಡು, ಇವೆರಡೂ ಕತ್ತರಿಯ ಎರಡು ಬಾಯಿ ಇದ್ದ ಹಾಗೆ. ಕತ್ತರಿಗೆ ಜಾಸ್ತಿ ಬಲ ಬೇಡ, ಹೊಂದಿಕೆ ಬೇಕು.

ಇಂಥದ್ದಕ್ಕೆ ಇಂಜಿನ್ ಕೂರಿಸಲು ಎರಡು ದಾರಿ. ಒಂದು, ಇಂಜಿನ್ ಚಕ್ರವನ್ನೋ ರೋಲರನ್ನೋ ತಿರುಗಿಸಲಿ, ರೀಲು ಹಿಂದಿನ ಹಾಗೇ ಚಕ್ರದಿಂದ ತಿರುಗಲಿ. ಆಗ ಮಷೀನು ತಾನಾಗಿ ಓಡುತ್ತದೆ, ನೀನು ಹಿಡಿದುಕೊಂಡು ಹಿಂದೆ ಹೋಗಬೇಕು. ಅದಕ್ಕೆ ಕ್ಲಚ್ ಬೇಕೇ ಬೇಕು. ಇಲ್ಲದಿದ್ದರೆ ಗುಲಾಬಿ ಗಿಡದೊಳಗೆ ನುಗ್ಗುತ್ತದೆ. ಎರಡನೆಯದು, ಇಂಜಿನ್ ರೀಲನ್ನು ಮಾತ್ರ ತಿರುಗಿಸಲಿ, ಚಕ್ರವನ್ನು ನೀನೇ ತಳ್ಳು. ಇದು ಹಗುರ, ಸುಲಭ.

ನಿನ್ನ ಹಿಂದುಮುಂದಿನ ಸಮಸ್ಯೆ ಸಣ್ಣದು. ಪಿನಿಯನ್ ಒಳಗೆ ಒಂದು ಚಿಕ್ಕ ಉಕ್ಕಿನ ತುಂಡು ಇರುತ್ತದೆ. ಮುಂದೆ ತಳ್ಳುವಾಗ ಮಾತ್ರ ಅದು ಕಚ್ಚುತ್ತದೆ, ಹಿಂದೆ ಎಳೆಯುವಾಗ ಜಾರುತ್ತದೆ. ಸೈಕಲ್ಲಿನ ಫ್ರೀ ವೀಲ್ ಇದ್ದ ಹಾಗೆ. ಜೋಡಿಸುವಾಗ ಎಡದ ಪಿನಿಯನ್ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ. ಅದಲು ಬದಲು ಮಾಡು, ಸರಿ ಹೋಗುತ್ತದೆ. ಆ ತುಂಡಿಗೆ ಗ್ರೀಸ್ ಹಾಕಬೇಡ, ಅಂಟಿಕೊಳ್ಳುತ್ತದೆ. ಎರಡು ಹನಿ ತೆಳು ಎಣ್ಣೆ ಸಾಕು.

ಚಾಮುಂಡಿ ತಪ್ಪಲು · 1:58

ರಾಜಣ್ಣ ಸರ್, ಗ್ರೀಸ್ ಕೂಡ ಮೆತ್ತಿದ್ದೇನೆ. ಸಂಜೆ ಬಿಚ್ಚಿ ನೋಡುತ್ತೇನೆ.

ಗರಿಕೆ · 2:15

ನೋಡಿ, ರಾಜಣ್ಣನವರೇ ಹೇಳಿದರು, ಕತ್ತರಿಗೆ ಬಲ ಬೇಡ ಅಂತ. ಮತ್ತೆ ಮೋಟಾರ್ ಯಾಕೆ? ಬಡ್ಡಿಂಗ್ ತನ್ನ ಪೇಟೆಂಟಿನಲ್ಲೇ ಬರೆದಿದ್ದಾನೆ, ಊರಿನ ದೊಡ್ಡ ಮನುಷ್ಯರು ತಾವೇ ಇದನ್ನು ತಳ್ಳಿದರೆ ಮನಸ್ಸಿಗೆ ಖುಷಿ, ಮೈಗೆ ಒಳ್ಳೆ ವ್ಯಾಯಾಮ ಅಂತ. ಇನ್ನೂರು ವರ್ಷ ಆಗುತ್ತಾ ಬಂತು, ಆ ಮಾತು ಈಗಲೂ ನಿಜ. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಭಾನುವಾರ ಬೆಳಿಗ್ಗೆ ಸರದಿಯ ಮೇಲೆ ತಳ್ಳುತ್ತೇವೆ. ಸದ್ದಿಲ್ಲ, ಹೊಗೆಯಿಲ್ಲ. ಗುಬ್ಬಿಗಳೂ ಹಾರಿ ಹೋಗುವುದಿಲ್ಲ.

ಸವಿತಾ ಎಚ್. · 2:22

71 ವರ್ಷದ ಮಂಡಿ ನೋವಿನವರಿಗೆ ವ್ಯಾಯಾಮದ ಪಾಠ ಬೇಡ ಸರ್. ಅವರಿಗೆ ಆ ಕೆಲಸ ಬಿಡಲು ಇಷ್ಟವಿಲ್ಲ, ಮೈ ಬಿಡುತ್ತಿಲ್ಲ. ಮಗ ಅದಕ್ಕೊಂದು ದಾರಿ ಹುಡುಕುತ್ತಿದ್ದಾನೆ.

ಗರಿಕೆ · 2:30

ಅವರ ವಯಸ್ಸಿನ ವಿಷಯ ನಾನು ಗಮನಿಸದೆ ಬರೆದೆ. ಕ್ಷಮಿಸಿ. ಆದರೂ ಮೊದಲು ಹರಿತ ಮಾಡಿ ನೋಡಲಿ. ಮೊಂಡು ಬ್ಲೇಡಿಗೆ ಮೋಟಾರ್ ಹಾಕಿದರೆ ಹುಲ್ಲು ಹರಿಯುತ್ತದೆ, ಕತ್ತರಿಸುವುದಿಲ್ಲ.

ಹಲಸೂರು ಹಳಬ · 3:05

ಕುದುರೆ ವಿಷಯ ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ತಾತ ಕಂಟೋನ್ಮೆಂಟಿನ ಒಂದು ಕ್ಲಬ್ಬಿನಲ್ಲಿ ಮಾಲಿ ಆಗಿದ್ದರು. ಅಲ್ಲಿ ದೊಡ್ಡ ಮೂವರ್ ಎಳೆಯಲು ಒಂದು ಜೊತೆ ಎತ್ತು ಇದ್ದವಂತೆ. ಗೊರಸು ಹುಲ್ಲಿನ ಮೇಲೆ ಗುಳಿ ಮಾಡಬಾರದು ಅಂತ ಕಾಲಿಗೆ ಚರ್ಮದ ಚೀಲದಂಥ ಬೂಟು ಕಟ್ಟುತ್ತಿದ್ದರಂತೆ. ಮಳೆಗಾಲದಲ್ಲಿ ಆ ಬೂಟು ಒಣಗಿಸುವುದೇ ನಮ್ಮ ಅಜ್ಜಿಯ ಕೆಲಸ. ಮನೆಯ ಒಲೆ ಪಕ್ಕ ಎಂಟು ಬೂಟು ಸಾಲಾಗಿ ಇಟ್ಟಿರುತ್ತಿದ್ದರಂತೆ.

ಲ್ಯಾಂಕಶೈರ್ ಕನ್ನಡತಿ · 3:40

ಎಂಟು ಬೂಟಿನ ಕಥೆ ಎಷ್ಟು ಚೆಂದ! ಇಲ್ಲಿಯ ಮ್ಯೂಸಿಯಂನಲ್ಲಿ ಕುದುರೆಯ ಚರ್ಮದ ಬೂಟಿನ ಬಗ್ಗೆ ಓದಿದಾಗ, ನಮ್ಮ ಊರಿನಲ್ಲೂ ಹೀಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಕುದುರೆ ಹೋಗಿ ಇಂಜಿನ್ ಬಂದದ್ದಕ್ಕೆ ಮೊದಲ ಮಹಾಯುದ್ಧ ದೊಡ್ಡ ಕಾರಣ. ಯುದ್ಧಕ್ಕೆ ಕುದುರೆಗಳೂ ಹೋದವು, ತೋಟದ ಆಳುಗಳೂ ಹೋದರು. ತಿರುಗಿ ಬಂದವರು ಹಳೆಯ ಕೂಲಿಗೆ ಸಿಗಲಿಲ್ಲ. ಅಷ್ಟರಲ್ಲಿ ಮೋಟಾರ್ ಸೈಕಲ್ಲಿನಿಂದಾಗಿ ಇಂಜಿನ್‌ಗಳು ಚಿಕ್ಕದಾಗಿದ್ದವು. 1921ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಚಾರ್ಲ್ಸ್ ಪ್ಯೂ ಕಂಪನಿ ಅಟ್ಕೋ ಹೆಸರಿನಲ್ಲಿ 22 ಇಂಚಿನ ಮೋಟಾರ್ ಮೂವರ್ ತಂದಿತು. ಅದರಲ್ಲಿ ವಿಲಿಯರ್ಸ್ ಕಂಪನಿಯ 269 ಸಿಸಿ 2 ಸ್ಟ್ರೋಕ್ ಇಂಜಿನ್. ಬೆಲೆ 75 ಪೌಂಡ್. ಮೊದಲ ವರ್ಷ ಮಾಡಿದ್ದು 900. ಐದು ವರ್ಷದೊಳಗೆ ವರ್ಷಕ್ಕೆ ಹತ್ತಾರು ಸಾವಿರ! ಬೆಲೆಯೂ ಇಳಿಯಿತು. 1902ರ ಆ ದೊಡ್ಡ ಮಷೀನು ಕ್ಯಾಡ್‌ಬರಿಯಂಥವರಿಗೆ. ಸಾಮಾನ್ಯ ಮನೆಯ ತೋಟಕ್ಕೆ ಮೋಟಾರ್ ಹತ್ತಿರ ಬಂದದ್ದು ಅಟ್ಕೋ ಕಾಲದಲ್ಲಿ.

ಡಿಪೋ ಮಗ · 4:02

ವಿಲಿಯರ್ಸ್ ಹೆಸರು ನಮ್ಮವರಿಗೂ ಗೊತ್ತು. ಮದ್ರಾಸಿನ ಎನ್‌ಫೀಲ್ಡ್ ಮಾಡುತ್ತಿದ್ದ ಶೆರ್ಪಾ ಬೈಕಿನಲ್ಲಿ ಇದ್ದದ್ದು ವಿಲಿಯರ್ಸ್ 2 ಸ್ಟ್ರೋಕ್ ಇಂಜಿನ್ನೇ. ನಮ್ಮ ದೊಡ್ಡಪ್ಪನ ಹತ್ತಿರ ಒಂದಿತ್ತು, ಬುಲೆಟ್ಟಿನ ತಮ್ಮನ ಹಾಗೆ.

ಧಾರವಾಡದ ಮಂಜು · 4:10

ಅಪ್ಪಾವ್ರಿಗೆ ಫೋನ್ ಮಾಡಿದ್ರಾ? ಏನಂದ್ರು?

ಡಿಪೋ ಮಗ · 4:16

ಮಾಡಿದೆ. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ "ಹುಲ್ಲಿನ ಮಷೀನು ಮಾಡಿದವನಿಗೆ ಬಸ್ಸು ಮಾಡೋ ಧೈರ್ಯ ಬಂತಲ್ಲ, ಭೇಷ್" ಅಂದರು.

ಸಿಡ್ನಿ ಶ್ರೀಧರ · 4:45

ಆಸ್ಟ್ರೇಲಿಯಾ ಬಿಟ್ಟು ಈ ಚರ್ಚೆ ಮುಗಿಯುವಂತಿಲ್ಲ. ಇಲ್ಲಿ ಶನಿವಾರ ಬೆಳಿಗ್ಗೆ ಎದ್ದರೆ ಬೀದಿಯ ತುಂಬ ವಿಕ್ಟಾ ಮೂವರ್ ಸದ್ದು. ಅದರ ಕಥೆ ಈ ಮೈಸೂರಿನ ಗೆಳೆಯರ ಕಥೆಗೆ ತುಂಬ ಹತ್ತಿರ, ಯಾಕೆಂದರೆ ಅಲ್ಲೂ ಇರುವುದು ಅಪ್ಪ ಮಗನೇ.

ಸಿಡ್ನಿಯ ಕಾನ್ಕರ್ಡ್ ಬಡಾವಣೆಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್ಸನ್ ಅಂತ ಇದ್ದರು. ಮಗ ಗ್ಯಾರಿ ಕಾಲೇಜು ರಜೆಯಲ್ಲಿ ಊರವರ ಲಾನ್ ಕತ್ತರಿಸಿ ದುಡ್ಡು ಮಾಡಿಕೊಳ್ಳುತ್ತಿದ್ದ. ಅವನಿಗೆ ಅನುಕೂಲ ಆಗಲಿ ಅಂತ ಅಪ್ಪ ಮೊದಲು ಮಾಡಿದ್ದು ರೀಲ್ ಮೂವರ್‌ಗಳೇ, ವಿಲಿಯರ್ಸ್ ಇಂಜಿನ್ ಹಾಕಿ. ಆದರೆ ಅದು ಭಾರ, ಉದ್ದ ಹುಲ್ಲಿಗೆ ಆಗುತ್ತಿರಲಿಲ್ಲ. 1948ರಲ್ಲಿ ಲಾರೆನ್ಸ್ ಹಾಲ್ ಅನ್ನುವವರು ಮಾಡಿದ್ದ ಚಪ್ಪಟೆಯಾಗಿ ತಿರುಗುವ ಬ್ಲೇಡಿನ ಮಷೀನನ್ನು ರಿಚರ್ಡ್ಸನ್ ನೋಡಿದ್ದರು. ಅದಕ್ಕೆ ಇಬ್ಬರು ಬೇಕಿತ್ತು, ಒಬ್ಬ ತಳ್ಳಲು, ಇನ್ನೊಬ್ಬ ಹಗ್ಗ ಹಿಡಿದು ಎಳೆಯಲು. 1952ರಲ್ಲಿ ರಿಚರ್ಡ್ಸನ್ ತಮ್ಮ ಗ್ಯಾರೇಜಿನಲ್ಲಿ ವಿಲಿಯರ್ಸ್ ಇಂಜಿನ್ನನ್ನು ಅಡ್ಡ ಮಲಗಿಸಿ, ಕೆಳಗೆ ತಿರುಗುವ ತಟ್ಟೆಗೆ ಬ್ಲೇಡು ಸಿಕ್ಕಿಸಿದರು. ಪೆಟ್ರೋಲ್ ಟ್ಯಾಂಕು? ಪೀಚ್ ಹಣ್ಣಿನ ಖಾಲಿ ಡಬ್ಬ. ಇವತ್ತಿಗೂ ಇಲ್ಲಿಯವರು ಅದನ್ನು ಪೀಚ್ ಡಬ್ಬದ ಮೂವರ್ ಅಂತಲೇ ಪ್ರೀತಿಯಿಂದ ಕರೆಯುತ್ತಾರೆ. ವಿಕ್ಟರ್ ಅನ್ನುವ ಹೆಸರಿನಿಂದ ವಿಕ್ಟಾ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಲಾನ್ ಮೂವರ್ ಹಿಡಿದು ಕುಣಿದರು. ಒಂದು ದೇಶ ತನ್ನ ಹುಲ್ಲಿನ ಮಷೀನನ್ನು ಅಷ್ಟು ಹಚ್ಚಿಕೊಂಡಿದೆ.

ಗರಿಕೆ · 5:01

ಆದರೆ ವಿಕ್ಟಾ ತಿರುಗೋ ಬ್ಲೇಡಿನದು. ಇವರ ಕೈಯಲ್ಲಿರುವುದು ರೀಲು. ಎರಡೂ ಬೇರೆ ಜಾತಿ.

ಲೆಕ್ಕದ ಮೇಷ್ಟ್ರು · 5:30

ಗರಿಕೆ ಅವರ ಮಾತು ಸರಿ. ಮೋಟಾರಿನ ಇತಿಹಾಸ ಅರ್ಥವಾಗಬೇಕಾದರೆ ಈ ವ್ಯತ್ಯಾಸ ತಿಳಿಯಬೇಕು.

ರೀಲು ಕತ್ತರಿ. ಹುಲ್ಲನ್ನು ಎರಡು ಅಲಗಿನ ನಡುವೆ ಹಿಡಿದು ಕತ್ತರಿಸುತ್ತದೆ. ನಿಧಾನವಾಗಿ ತಿರುಗಿದರೂ ನಡೆಯುತ್ತದೆ. ಅದಕ್ಕೇ ಮನುಷ್ಯನ ಬಲ ಸಾಕಾಯಿತು. ತಿರುಗೋ ಬ್ಲೇಡು ಕುಡುಗೋಲಿನ ಹಾಗೆ. ಎದುರು ಅಲಗಿಲ್ಲ. ಹುಲ್ಲು ಬಾಗುವ ಮೊದಲೇ ಹೊಡೆದು ತುಂಡರಿಸಬೇಕು. ಅದಕ್ಕೆ ಭಾರೀ ವೇಗ ಬೇಕು. ಅಷ್ಟು ವೇಗ ಕೊಡುವ ಹಗುರ ಇಂಜಿನ್ ಬರುವ ತನಕ ಅದು ಕಾಯಬೇಕಾಯಿತು. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೋಟೋಸೈತ್ ಎಂಬ ತಿರುಗೋ ಬ್ಲೇಡಿನ ಮೂವರ್ ಬಂದರೂ, ಮನೆಮನೆಗೆ ಹೋದದ್ದು ಯುದ್ಧದ ನಂತರ. 1953ರಲ್ಲಿ ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಅಲ್ಯೂಮಿನಿಯಂ ಇಂಜಿನ್ ತಂದ ಮೇಲೆ ಅಲ್ಲಿ ರೀಲು ಹಿಂದೆ ಬಿತ್ತು.

ಈಗ ಮೈಸೂರಿನವರ ಮಷೀನಿನ ಲೆಕ್ಕ. ಚಕ್ರ ಎಷ್ಟು ಇಂಚು?

ಚಾಮುಂಡಿ ತಪ್ಪಲು · 5:41

10 ಇಂಚು ಸರ್. ಹಲ್ಲೂ ಎಣಿಸಿದೆ. ಚಕ್ರ ಒಂದು ಸುತ್ತಿಗೆ ರೀಲು ಐದೂವರೆ ಸುತ್ತು.

ಲೆಕ್ಕದ ಮೇಷ್ಟ್ರು · 6:05

10 ಇಂಚಿನ ಚಕ್ರದ ಸುತ್ತಳತೆ ಸುಮಾರು 80 ಸೆಂಟಿಮೀಟರ್. ಗಂಟೆಗೆ 4 ಕಿಲೋಮೀಟರ್ ನಡಿಗೆ ಅಂದರೆ ಸೆಕೆಂಡಿಗೆ 1.1 ಮೀಟರ್. ಚಕ್ರ ಸೆಕೆಂಡಿಗೆ ಸುಮಾರು 1.4 ಸುತ್ತು. ರೀಲು ಸೆಕೆಂಡಿಗೆ ಏಳೂವರೆ ಸುತ್ತು, ಅಂದರೆ ನಿಮಿಷಕ್ಕೆ 450. 5 ಬ್ಲೇಡಿಗೆ ಸೆಕೆಂಡಿಗೆ 37 ಕತ್ತರಿ ಏಟು. ಪ್ರತಿ 3 ಸೆಂಟಿಮೀಟರಿಗೆ ಒಂದು.

ಹಾಗಾಗಿ ನಿಮ್ಮ ಮೋಟಾರ್ ರೀಲನ್ನು ನಿಮಿಷಕ್ಕೆ 450 ಸುತ್ತಿನ ಆಸುಪಾಸಿನಲ್ಲಿ ತಿರುಗಿಸಿದರೆ ಸಾಕು. ಜಾಸ್ತಿ ವೇಗ ಕೊಟ್ಟರೆ ಬ್ಲೇಡು ಬಿಸಿಯಾಗಿ ಬೇಗ ಸವೆಯುತ್ತದೆ. ಇನ್ನೊಂದು ಲಾಭ ಇದೆ. ಅಪ್ಪ ನಿಧಾನವಾಗಿ ನಡೆದರೂ ರೀಲಿನ ವೇಗ ಇಳಿಯುವುದಿಲ್ಲ. ತಳ್ಳೋ ಮಷೀನಿನಲ್ಲಿ ನಿಧಾನ ನಡೆದರೆ ರೀಲಿಗೆ ಓಟ ಸಾಲದೆ ಹುಲ್ಲು ಸಿಕ್ಕಿ ನಿಲ್ಲುತ್ತದೆ. ಮಂಡಿ ನೋವಿನವರಿಗೆ ಕಷ್ಟ ಆಗುವುದು ಅಲ್ಲೇ.

ಸಾಗರದ ಅಡಿಕೆ ತೋಟ · 7:10

ನಮ್ಮ ಕಡೆ ಲಾನ್ ಇಲ್ಲ ಮಾರಾಯ್ರೆ, ತೋಟದ ಕಳೆ. ಮೊದಲು ಕತ್ತಿ ಹಿಡಿದು ಹತ್ತು ಆಳು ಮೂರು ದಿನ ಸವರುತ್ತಿದ್ದರು. ಈಗ ಇಬ್ಬರು ಕಳೆ ಕೊಚ್ಚುವ ಮಷೀನು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಅದರ ನೈಲಾನ್ ದಾರದ ಕಥೆ ಯಾರಿಗಾದರೂ ಗೊತ್ತಿದೆಯೋ?

ಸಿಡ್ನಿ ಶ್ರೀಧರ · 7:25

ಅದು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಅವರದ್ದು, 1971ರಲ್ಲಿ. ಕಾರು ತೊಳೆಯುವ ಕಡೆ ತಿರುಗುವ ನೈಲಾನ್ ಬ್ರಷ್ ನೋಡಿದಾಗ ಹೊಳೆದದ್ದು. ಖಾಲಿ ಡಬ್ಬಕ್ಕೆ ತೂತು ಕೊರೆದು, ಮೀನು ಹಿಡಿಯುವ ದಾರ ಸಿಕ್ಕಿಸಿ ಮೊದಲ ಪ್ರಯೋಗ ಮಾಡಿದರು.

ಹಲಸೂರು ಹಳಬ · 7:33

ಅಲ್ಲಿ ಪೀಚ್ ಡಬ್ಬ, ಇಲ್ಲೂ ಡಬ್ಬ!

ಸವಿತಾ ಎಚ್. · 8:15

ಎಲ್ಲ ಸರಿ. ಆದರೆ ಸುರಕ್ಷತೆ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಕೈ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬ್ಲೇಡಿಗೆ ಸಿಕ್ಕ ಬೆರಳುಗಳನ್ನು ನೋಡಿದ್ದೇನೆ. ತಳ್ಳೋ ಮಷೀನಿನಲ್ಲಿ ನಾವು ನಿಂತರೆ ಬ್ಲೇಡೂ ನಿಲ್ಲುತ್ತದೆ. ಅದೇ ಅದರ ದೊಡ್ಡ ರಕ್ಷಣೆ. ಮೋಟಾರ್ ಹಾಕಿದ ಕ್ಷಣ ಅದು ಹೋಯಿತು. ನಿಂತು ಸಿಕ್ಕಿದ ಕಡ್ಡಿ ತೆಗೆಯಲು ಬಗ್ಗಿದಾಗಲೂ ರೀಲು ತಿರುಗುತ್ತಿರಬಹುದು.

ಅಮೆರಿಕದಲ್ಲಿ 1982ರಿಂದ ಒಂದು ನಿಯಮ ಇದೆ. ಹಿಂದೆ ನಡೆದು ತಳ್ಳುವ, ತಿರುಗೋ ಬ್ಲೇಡಿನ ಪವರ್ ಮೂವರ್‌ನ ಹಿಡಿಯನ್ನು ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕು. ದಯವಿಟ್ಟು ನಿಮ್ಮ ಅಪ್ಪನ ಮಷೀನಿಗೂ ಒತ್ತಿ ಹಿಡಿದರೆ ಮಾತ್ರ ಓಡುವ, ಬಿಟ್ಟರೆ ನಿಲ್ಲುವ ಸ್ವಿಚ್ ಹಾಕಿ. ಆನ್ ಮಾಡಿ ಬಿಡುವ ಸ್ವಿಚ್ ಬೇಡವೇ ಬೇಡ. ಕಡ್ಡಿ ತೆಗೆಯುವ ಮುಂಚೆ ಬ್ಯಾಟರಿ ಪ್ಲಗ್ ಎಳೆಯುವುದನ್ನು ಅಭ್ಯಾಸ ಮಾಡಿಸಿ.

ಫಿಟ್ಟರ್ ರಾಜಣ್ಣ · 8:28

ಈ ತಾಯಿ ಹೇಳಿದ್ದು ನೂರಕ್ಕೆ ನೂರು ಸತ್ಯ. ಚೈನಿಗೂ ಮುಚ್ಚಳ ಇರಲೇಬೇಕು. ಪಂಚೆ, ಸೀರೆ ಸೆರಗು ಸಿಕ್ಕರೆ ಗತಿ ಏನು?

ಚಾಮುಂಡಿ ತಪ್ಪಲು · ಭಾನುವಾರ, ಬೆಳಿಗ್ಗೆ 10:50

ಸುದ್ದಿ ಇದೆ. ಪಿನಿಯನ್ ನಿಜವಾಗಿಯೂ ಎಡಬಲ ಬದಲಾಗಿತ್ತು. ಅದಲು ಬದಲು ಮಾಡಿದೆ, ಗ್ರೀಸ್ ಒರೆಸಿ ಎಣ್ಣೆ ಬಿಟ್ಟೆ. ಟಕ್ ಟಕ್ ಅಂತ ಹಳೆಯ ಸದ್ದು ಬಂತು. ಒಳಗಿದ್ದ ಅಪ್ಪ ಆ ಸದ್ದಿಗೇ ಹೊರಗೆ ಬಂದರು.

ಗರಿಕೆ ಸರ್ ಮಾತು ಕೇಳಿ ಹರಿತವನ್ನೂ ಮಾಡಿದೆವು. ಗ್ಯಾರೇಜಿನಲ್ಲಿ ವಾಲ್ವ್‌ಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟ್ ಸಿಕ್ಕಿತು. ಅದನ್ನು ಬ್ಲೇಡಿಗೆ ಬಳಿದು ರೀಲನ್ನು ಉಲ್ಟಾ ತಿರುಗಿಸಬೇಕು ಅಂತ ಅಪ್ಪನೇ ಹೇಳಿದರು. ತಾತ ಹಾಗೆ ಮಾಡುತ್ತಿದ್ದರಂತೆ. ಅಪ್ಪ ಬೋಲ್ಟು ಬಿಗಿ ಮಾಡಿದರು, ನಾನು ತಿರುಗಿಸಿದೆ. ಮುಕ್ಕಾಲು ಗಂಟೆ. ಪೇಸ್ಟ್ ತೊಳೆದು ಒಂದು ಪೇಪರ್ ಹಾಳೆ ಇಟ್ಟು ತಿರುಗಿಸಿದರೆ, ಈ ತುದಿಯಿಂದ ಆ ತುದಿಗೆ ಕತ್ತರಿ ಹಾಕಿದಂತೆ ತುಂಡಾಯಿತು!

ಅಪ್ಪ ಅರ್ಧ ಲಾನ್ ತಾವೇ ಕತ್ತರಿಸಿದರು. ಮೊದಲಿಗಿಂತ ತುಂಬ ಹಗುರ ಅಂದರು. ಆಮೇಲೆ ಮಂಡಿ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಉಳಿದರ್ಧ ನಾನು ಮಾಡುತ್ತೇನೆ ಅಂದಾಗ "ಆ ಮೋಟಾರ್ ವಿಷಯ ಏನಾಯ್ತು?" ಅಂತ ಅವರೇ ಕೇಳಿದರು.

ಗರಿಕೆ · 11:04

ಹಾಗಿದ್ದರೆ ಹಾಕಿ. ಅವರೇ ಕೇಳಿದ ಮೇಲೆ ನನ್ನದೇನೂ ಇಲ್ಲ. ಹರಿತ ಮಾಡಿದ್ದು ಹೇಗೂ ವ್ಯರ್ಥ ಆಗುವುದಿಲ್ಲ.

ಧಾರವಾಡದ ಮಂಜು · 11:12

ವಾಷಿಂಗ್ ಮಷೀನ್ ಮೋಟಾರ್ ನಡೆಯುತ್ತದಾ? ಅಮೆರಿಕದ ಹಳ್ಳಿಗಳಲ್ಲಿ ಕರೆಂಟ್ ಬಂದ ಮೇಲೆ, ಹಳೆಯ ಮೇಟ್ಯಾಗ್ ವಾಷಿಂಗ್ ಮಷೀನಿನ ಪೆಟ್ರೋಲ್ ಇಂಜಿನ್ ಬಿಚ್ಚಿ ಮನೆಯಲ್ಲೇ ಮೂವರ್‌ಗೆ ಹಾಕಿಕೊಳ್ಳುತ್ತಿದ್ದರು ಅಂತ ಓದಿದ್ದೆ. ಅದು ನಿಜ ತಾನೇ ಮೇಡಂ?

ಲ್ಯಾಂಕಶೈರ್ ಕನ್ನಡತಿ · 11:40

ನಿಜ. ಮೇಟ್ಯಾಗ್ ಇಂಜಿನ್ ಕಾಲಿನಿಂದ ಒದ್ದು ಶುರು ಮಾಡುವಂಥದ್ದು. ಕರೆಂಟ್ ಇಲ್ಲದ ರೈತರ ಮನೆಗಳಿಗೇ ಅದು ಬಂದದ್ದು. ಕರೆಂಟ್ ಬಂದ ಮೇಲೆ ಆ ಇಂಜಿನ್‌ಗಳು ಖಾಲಿ ಬಿದ್ದವು. ಕೈ ಇರುವವರು ಮೂವರ್‌ಗೆ, ಮಕ್ಕಳ ಆಟದ ಗಾಡಿಗೆ ಹಾಕಿಕೊಂಡರು.

ಫಿಟ್ಟರ್ ರಾಜಣ್ಣ · 12:10

ಈಗಿನ ವಾಷಿಂಗ್ ಮಷೀನ್ ಮೋಟಾರ್ ಬೇಡ. ಅದಕ್ಕೆ 230 ವೋಲ್ಟ್ ವೈರು ಎಳೆಯಬೇಕು. ಒದ್ದೆ ಹುಲ್ಲು, ಬ್ಲೇಡು, ವೈರು, ಮೂರೂ ಒಂದು ಕಡೆ ಸೇರಬಾರದು. ಬ್ಯಾಟರಿ ಸೈಕಲ್ಲಿಗೆ ಹಾಕುವ 24 ವೋಲ್ಟ್, 250 ವ್ಯಾಟ್ ಮೋಟಾರ್ ತೆಗೆದುಕೋ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಪೆಟ್ರೋಲ್ ಇಂಜಿನ್ನಂತೂ ಬೇಡ. ಆ ಭಾರಕ್ಕೆ ನಿನ್ನ ಚಿಕ್ಕ ಮಷೀನು ಮುಗ್ಗರಿಸುತ್ತದೆ.

ಎರಡೂ ಕಡೆಯ ಪಿನಿಯನ್ ತೆಗೆದು ಡಬ್ಬಿಯಲ್ಲಿ ಜೋಪಾನ ಇಡು. ಆಗ ಚಕ್ರಕ್ಕೂ ರೀಲಿಗೂ ಸಂಬಂಧ ಇರುವುದಿಲ್ಲ. ಮುಂದೆ ಯಾವಾಗಲಾದರೂ ತಳ್ಳೋ ಮಷೀನಾಗಿಯೇ ಬೇಕು ಅನ್ನಿಸಿದರೆ ವಾಪಸ್ ಹಾಕಬಹುದು. ತಾತನ ಮಷೀನಿಗೆ ವೆಲ್ಡಿಂಗ್ ಮಾಡಬೇಡ. ಎಲ್ಲ ಕ್ಲ್ಯಾಂಪು, ಬೋಲ್ಟಿನಲ್ಲೇ ಮಾಡು. ಬೀಡಿಗೆ ವೆಲ್ಡಿಂಗ್ ಸರಿಯಾಗಿ ಕೂರುವುದೂ ಇಲ್ಲ, ಬಿರುಕು ಬಿಡುತ್ತದೆ.

ಲೆಕ್ಕದ ಮೇಷ್ಟ್ರು · 12:32

ಆ ಮೋಟಾರ್ ಸಾಮಾನ್ಯವಾಗಿ ನಿಮಿಷಕ್ಕೆ 2650 ಸುತ್ತಿನದು. ನಮಗೆ ಬೇಕಾದ್ದು 450. ಹತ್ತಿರ ಹತ್ತಿರ ಆರಕ್ಕೆ ಒಂದು. ಮೋಟಾರಿಗೆ 11 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ರೀಲಿಗೆ 65 ಹಲ್ಲಿನದು ಹಾಕಿ. 449 ಬರುತ್ತದೆ. ಇನ್ನೊಂದು ವಿಷಯ, ಬ್ಯಾಟರಿಯ ಎರಡು ವೈರು ಅದಲು ಬದಲು ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಮುಂದಿನ ಸಲ ಪೇಸ್ಟ್ ಹಚ್ಚಿ ಹರಿತ ಮಾಡುವಾಗ ಕೈಯಲ್ಲಿ ತಿರುಗಿಸುವ ಕಷ್ಟ ಇಲ್ಲ.

ಸವಿತಾ ಎಚ್. · 12:36

ಸ್ವಿಚ್ಚು?

ಚಾಮುಂಡಿ ತಪ್ಪಲು · 12:51

ಮರೆತಿಲ್ಲ ಮೇಡಂ. ಸೈಕಲ್ ಬ್ರೇಕಿನ ಹಿಡಿ ಥರದ್ದು, ಒತ್ತಿದರೆ ಮಾತ್ರ ಆನ್. ಹಿಡಿಯ ಪಕ್ಕದಲ್ಲೇ ಬ್ಯಾಟರಿ ಪ್ಲಗ್ಗು, ಅಪ್ಪ ಬಗ್ಗದೆ ಎಳೆಯುವ ಎತ್ತರದಲ್ಲಿ.

ರಾಜಣ್ಣ ಸರ್, ಚೈನಿನ ಮುಚ್ಚಳಕ್ಕೆ ಏನು ತಗಡು ತರಲಿ? ಮನೆಯಲ್ಲಿ 15 ಲೀಟರಿನ ಅಡುಗೆ ಎಣ್ಣೆ ಡಬ್ಬ ಒಂದು ಖಾಲಿ ಇದೆ. ಅದು ನಡೆಯುತ್ತದಾ?

ಫಿಟ್ಟರ್ ರಾಜಣ್ಣ · 1:03

ಧಾರಾಳವಾಗಿ ನಡೆಯುತ್ತದೆ. ಅಂಚು ಮಡಿಸು, ಕೈ ಕುಯ್ಯುತ್ತದೆ.